ಫ್ಲಾಸ್ಕಿಗೆ ಹೋದ ಅರ್ಧ ಲೋಟ

ನಾಗಸಂದ್ರ
12-11-2025, ಬುಧವಾರ

ದೀಪು ಅಪ್ಪನವರಿಗೆ ಅನುಸೂಯಮ್ಮ ಮಾಡುವ ನಮಸ್ಕಾರ.

ನೀವು ಕಳಿಸಿದ ರೇಷ್ಮೆ ಸೀರೆ, ಅದರೊಳಗಿದ್ದ ಕಾಗದ ಎರಡೂ ತಲುಪಿದವು. ನಾಲ್ಕು ವರ್ಷದ ಮೇಲೆ ಹೆಂಡತಿಯ ನೆನಪಾಗಿ, ವೈಟ್‌ಫೀಲ್ಡಿನ ಮನೆ ಬಿಕೋ ಎನ್ನುತ್ತಿದೆ, ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಬರೆದಿದ್ದೀರಿ. ಓದಿ ಕಣ್ಣು ತುಂಬಿದ್ದು ನಿಜ. ಆದರೂ ಸೀರೆಯ ಮಡಿಕೆ ಬಿಚ್ಚಿಲ್ಲ. ಅದಕ್ಕೆ ಕಾರಣ ಫ್ಲಾಸ್ಕಿನ ಮನುಷ್ಯ.

ಹದಿನೈದು ದಿನದಿಂದ ಒಬ್ಬ ನಮ್ಮ ಅಂಗಡಿಗೆ ಬರುತ್ತಿದ್ದಾನೆ. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು. ಕಾರ್ಖಾನೆಯವರು ನಿಂತ ನಿಲುವಿನಲ್ಲೇ ಕುಡಿದು ಓಡುತ್ತಾರೆ. ಇವನು ಅರ್ಧ ಲೋಟ ಕಾಫಿ ಕುಡಿದು, ಉಳಿದದ್ದನ್ನು ಗೋಡೆಗೆ ತಿರುಗಿ ಫ್ಲಾಸ್ಕಿಗೆ ಸುರಿದುಕೊಳ್ಳುತ್ತಾನೆ. 'ಯಾವ ಕಂಪನಿಯಪ್ಪಾ ನಿಂದು?' ಎಂದು ಕೇಳಿದೆ. 'ನಂದೀಶ್ ಸಾರ್‌ಗೂ ನಂಗೂ ಏನೂ ಸಂಬಂಧ ಇಲ್ಲ ಮೇಡಂ' ಎಂದ. ನಿಮ್ಮ ಹೆಸರನ್ನು ನಾನೆಲ್ಲಿ ಎತ್ತಿದ್ದೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ.

ಆಮೇಲೆ ದೀಪು ಫೋನಿನಲ್ಲಿ ಬಾಯಿ ಬಿಟ್ಟ. ನಮ್ಮ 'ಸೆಕೆಂಡ್ ಶಿಫ್ಟ್ ಕಾಫಿ' ಇರುವ ಹನ್ನೊಂದು ದೇಶಗಳಲ್ಲೂ ಯುಗಾದಿಗೆ 'ಪೀಣ್ಯದ ಮೊದಲ ಲೋಟ' ಎಂಬ ಹೊಸ ಕಾಫಿ ಬಿಡುತ್ತೀರಂತೆ. ಆ ಹಳೆಯ ರುಚಿ ಮಾತ್ರ ನಿಮ್ಮ ಪರಿಣತರಿಗೆ ಕೂಡಿಬರುತ್ತಿಲ್ಲವಂತೆ. ಈಗ ನೀವೇ ಹೇಳಿ, ಕರೆಯುತ್ತಿರುವುದು ನನ್ನನ್ನೋ, ನನ್ನ ಪುಡಿಯನ್ನೋ?

ಇಪ್ಪತ್ತೆರಡು ವರ್ಷದ ಹಿಂದೆ ಪೀಣ್ಯದಲ್ಲಿ ನೀವು ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚಿದಾಗ, ಪಕ್ಕದ ಕಾರ್ಖಾನೆಗೆ ಎರಡನೇ ಪಾಳಿಯವರು ಬರುವ ಹೊತ್ತಿಗೆ ಅದರ ಗೇಟಿನೆದುರು ತಳ್ಳುಗಾಡಿ ನಿಲ್ಲಿಸಿದೆವು. ಮಾತು ನಿಮ್ಮದು, ಕೈ ನನ್ನದು. ಗಾಡಿ ಅಂಗಡಿಯಾಯಿತು, ಅಂಗಡಿ ಐಟಿ ಪಾರ್ಕಿನೊಳಗೆ ಹೊಕ್ಕಿತು, ಅಲ್ಲಿ ಕುಡಿದವರೇ ದುಡ್ಡು ಹೂಡಿ ವಿಮಾನ ಹತ್ತಿಸಿದರು. ನಿಮ್ಮ ಓಡಾಟ ಸಣ್ಣದಲ್ಲ, ಒಪ್ಪುತ್ತೇನೆ. ಐದು ಅಂಗಡಿಯಾಗುವ ತನಕ ಪುಡಿ ಬೆರೆಸಿದವಳು ನಾನು. ಆಮೇಲೆ ಯಂತ್ರ ಬಂತು, ನನ್ನ ಕೈ ಬೇಡವಾಯಿತು.

ಅದನ್ನೂ ಸಹಿಸಿದ್ದೆ. ಆದರೆ ದುಬೈ ಅಂಗಡಿಯ ಗೋಡೆಯ ಮೇಲೆ ಏನು ಬರೆಸಿದಿರಿ? 'ನಮ್ಮಜ್ಜಿ ಅಶ್ವತ್ಥಮ್ಮನ ನೂರು ವರ್ಷದ ಕೈರುಚಿ!' ನಿಮ್ಮಜ್ಜಿ ಅಂಬಲಿ ಕುಡಿದು ಬಾಳಿದವರು, ಕಾಫಿ ಕಂಡರೆ ಮೂಗು ಮುರಿಯುತ್ತಿದ್ದವರು. ಪಕ್ಕದಲ್ಲೇ ನಾನು ಹೊಸ ಸೀರೆಯುಟ್ಟು ನಿಂತಿದ್ದೆ. 'ಜನಕ್ಕೆ ಅಜ್ಜಿ ಕಥೆ ಇಷ್ಟ ಕಣೇ, ಸುಮ್ನಿರು' ಎಂದಿರಿ. ಸುಮ್ಮನೆ ಈ ಮೊದಲ ಅಂಗಡಿಗೆ ವಾಪಸು ಬಂದೆ. ಆ ಸಿಟ್ಟು ಇನ್ನೂ ಆರಿಲ್ಲ.

ಅಂದ ಹಾಗೆ, ನಿಮ್ಮ ಫ್ಲಾಸ್ಕಿನವನನ್ನು ನಂಬಿ ಕೂರಬೇಡಿ. ಸೋಮವಾರದಿಂದ ಅವನಿಗೊಬ್ಬನಿಗೆ ಬೇರೆ ಫಿಲ್ಟರಿನಲ್ಲಿ ನಿಮ್ಮ ಕಂಪನಿಯ ಪೊಟ್ಟಣದ ಪುಡಿಯನ್ನೇ ಹಾಕಿ ಕೊಡುತ್ತಿದ್ದೇನೆ. ಗುಟ್ಟು ನನ್ನ ಹತ್ತಿರವೇ ಇರಲಿ.

ಬಿಪಿ ಮಾತ್ರೆ ತಪ್ಪಿಸಬೇಡಿ.

ಇಂತಿ,
ಅನುಸೂಯಮ್ಮ

ತಾ.ಕ.: ಲಕೋಟೆ ಅಂಟಿಸಲು ಹೋದವಳು ಮತ್ತೆ ಕಾಗದ ತೆಗೆದೆ. ಕರೆದದ್ದು ನನ್ನನ್ನೋ ಪುಡಿಯನ್ನೋ ಎಂಬ ಈ ಅನುಮಾನ ಇಟ್ಟುಕೊಂಡು ನಿಮ್ಮ ಮನೆಯಲ್ಲಿ ನನಗೆ ನಿದ್ದೆ ಬರುವುದಿಲ್ಲ. ಕೇಳಿ. ಗಾಡಿಯ ಮೊದಲ ವರ್ಷ ಚಿಕೋರಿ ತರಲು ಹೋದ ನೀವು ಹೊತ್ತಿಗೆ ಬರಲಿಲ್ಲ. ನಿಮ್ಮ ದಾರಿ ಕಾಯುತ್ತ, ಹುರಿಹಿಟ್ಟಿಗೆಂದು ಒಲೆಯ ಮೇಲಿಟ್ಟ ರಾಗಿಯನ್ನು ಮರೆತೆ. ಸೀದು ಕಪ್ಪಾಯಿತು. ಬೇರೆ ದಾರಿಯಿಲ್ಲದೆ ಅದನ್ನೇ ಬೀಸಿ ಕಾಫಿಪುಡಿಗೆ ಬೆರೆಸಿದೆ. ಪಾಳಿಗೆ ಬಂದ ರಾಯಚೂರಿನ ಯಮನಪ್ಪ ಕುಡಿದು, 'ಇವತ್ತಿಂದು ಭಾರಿ ಐತ್ರೀ ಅಕ್ಕಾರ, ದಿನಾ ಹಿಂಗ ಮಾಡ್ರಿ' ಎಂದ. ಅಂದಿನಿಂದ ಚಿಕೋರಿಯ ಪಾಲಿನ ಅರ್ಧಕ್ಕೆ ಸೀದ ರಾಗಿ, ಅಷ್ಟೇ. ಕಲಬೆರಕೆಯವರನ್ನು ನೀವು ಬೈಯುತ್ತಿದ್ದಿರಿ, ಹೆದರಿ ಹೇಳಲಿಲ್ಲ. ಆಮೇಲೆ ನನ್ನದೆಂದು ಉಳಿದದ್ದು ಅದೊಂದೇ ಆಗಿತ್ತು.

ಈಗ ಅದೂ ನಿಮ್ಮ ಕೈ ಸೇರಿತು. ಇದನ್ನು ಓದಿದ ಮೇಲೂ ಭಾನುವಾರ ಬಂದರೆ, ಸೀರೆ ಉಟ್ಟುಕೊಂಡಿರುತ್ತೇನೆ.