ಎಮ್ಮಿ ಡಾಕ್ಟರ ಜೀಪಿನಾಗ ಅಕ್ಕ

ಗೌಳಿವಾಡಾ, ನಂದಗಡದ ಹತ್ತಿರ
ತಾ. ೧೯ ಫೆಬ್ರುವರಿ ೧೯೮೪

ಬೆಳಗಾವಿ ದವಾಖಾನಿಯ ಮಂಚದ ಮೇಲೆ ಮಹಾರಾಣಿಯಂತೆ ಪವಡಿಸಿರುವ ಶ್ರೀಮತಿ ರೇಣವ್ವ ಅಕ್ಕನವರಿಗೆ, ವಾಡಾದ ಸಮಸ್ತ ಎಮ್ಮೆಗಳ ಪರವಾಗಿ ತಮ್ಮ ಮಾಯಪ್ಪನ ಉದ್ದಂಡ ನಮಸ್ಕಾರ.

ಅಕ್ಕಾ, ನೀನೂ ಕೂಸೂ ಆರಾಮ ಅದೀರಿ ಅಂತ ಮಾವ ಬಂದು ಹೇಳಿದ. ಅವ್ವ ಅತ್ತಳು. ನಾ ಅಳಲಿಲ್ಲ, ಕಣ್ಣಾಗ ಒಲಿ ಹೊಗಿ ಹೋಗಿತ್ತು. ಆ ದಿನ ಜೀಪು ನಮ್ಮ ಅಡವಿಗೆ ಹೆಂಗ ಬಂತು ಅಂತ ಕೇಳಿದಿಯಂತ. ನಿನಗ ಎಚ್ಚರ ಎಲ್ಲಿತ್ತು? ಹೇಳತೀನಿ, ಆದರ ಸಾವಕಾಶ ನಗು. ಹೊಲಿಗಿ ಬಿಚ್ಚೀತು.

ಕೂಸು ಅಡ್ಡ ಆಗೇತಿ, ನನ್ನ ಕೈಲೆ ಆಗೂದಿಲ್ಲ ಅಂತ ಸೂಲಗಿತ್ತಿ ಅಕ್ಕವ್ವ ಕೈ ಚೆಲ್ಲಿದ ಕೂಡಲೆ ನಾ ಕೆಳಗಿನ ಊರಿಗೆ ಓಡಿದೆ. ಅಲ್ಲಿ ಪಂಚಾಯ್ತಿ ಚೇರಮನ್ನರ ಮನಿ ಬಾಜು ಸರಕಾರಿ ದವಾಖಾನಿ ಐತಲ್ಲ, ಅದರ ಹಲಗಿ ಮ್ಯಾಲೆ ಇರೂದು ನಮ್ಮ ಗೌಳಿವಾಡಾದ ಹೆಸರು! ಮಂಜೂರಾದದ್ದು ನಮಗ, ನಡಕೋತ ಹೋಗಿ ಕುಂತದ್ದು ಚೇರಮನ್ನರ ಅಂಗಳದಾಗ. ಡಾಕ್ಟರು ಚಹಾ ಕುಡಿಯಾಕತ್ತಿದ್ದರು. ದಾರಿ ಇಲ್ಲ, ಜೀಪು ಹತ್ತೂದಿಲ್ಲ, ಹೊತಗೊಂಡ ಬರ್ರಿ ಅಂದರು. ನಿಮ್ಮ ಗೌಳಿ ಮಂದಿ ಮಾತು ನಮ್ಮ ನರ್ಸಬಾಯಿಗೆ ತಿಳಿಯೂದಿಲ್ಲ ಅಂದರು. ಕಡೀಕ, ಅಡವ್ಯಾಗಿನ ಹೆಂಗಸರು ದನದ ಹಿಂದ ನಡಕೋತನ ಹಡೀತಾರಪಾ, ನೀ ಯಾಕ ಗಾಬರಿ ಆಗ್ತಿ ಅಂತ ನಕ್ಕರು.

ದಾರಿ ಇಲ್ಲಂತ! ಎಮರ್ಜೆನ್ಸ್ಯಾಗ ಗಂಡಸರನ್ನ ಹಿಡಕೊಂಡು ಹೋಗಿ ಆಪರೇಶನ್ ಮಾಡೂ ಮುಂದ, ಇದೇ ಸರಕಾರದ ಜೀಪು ಬಂಡೆಪ್ಪ ಕಾಕಾನ ಗುಡಿಸಲ ಬಾಗಿಲಕ್ಕ ಬಂದು ನಿಂತಿತ್ತು. ನಮ್ಮ ಮಕ್ಕಳು ಹುಟ್ಟದಂಗ ಮಾಡಾಕ ದಾರಿ ಐತಿ, ಹುಟ್ಟಸಾಕ ಇಲ್ಲ.

ಆ ಹಲಗಿ ಕಿತ್ತು ಅವರ ನೆತ್ತಿಗೆ ಹಾಕಬೇಕು ಅನಸಿತ್ತು. ಆದರ ನಾ ಗಂಭೀರ ಮನುಷ್ಯ, ನಿನಗ ಗೊತ್ತೈತಿ. ಅದೇ ಊರಿನ ಎಮ್ಮಿ ಡಾಕ್ಟರ್ ಬುರಾನುದ್ದೀನ ಸಾಹೇಬರ ಮುಂದ ಹೋಗಿ ಕೈ ಮುಗಿದು, ಸಾಹೇಬ್ರ, ಬ್ಯಾಂಕ್ ಸಾಲದ ಎಮ್ಮಿರೀ, ಕಿವ್ಯಾಗ ವಿಮಾದ ಬಿಲ್ಲಿ ಐತಿ, ಕರಾ ಅಡ್ಡ ಸಿಕ್ಕೇತಿ, ಸತ್ತರ ಮ್ಯಾನೇಜರು ನಿಮ್ಮನ್ನ ಕೇಳತಾರ್ರೀ ಅಂದೆ. ಅವರು ಬೂಟು ಹಾಕ್ಕೊಳ್ಳೂದ್ರಾಗ ಡ್ರೈವರ್ ಗಾಡಿ ಚಾಲೂ ಮಾಡಿದ್ದ. ಇಲ್ಲದ ದಾರಿ ಹಿಡದು, ಹಳ್ಳ ದಾಟಿ, ಜೀಪು ಬಂದೇ ಬಂತು.

ಗುಡಿಸಲದಾಗ ನಿನ್ನ ನೋಡಿ ಸಾಹೇಬರು, ಎಮ್ಮಿ ಎಲ್ಲೋ ಅಂದರು. ಎಮ್ಮಿ ಇಲ್ಲರೀ, ಇಕಿ ಬರೇ ನಮ್ಮಕ್ಕ ಅಂದೆ. ಕಪಾಳಕ್ಕ ಒಂದು ಬಿತ್ತು. ಆ ಮ್ಯಾಲೆ ಅವರೇ ನಿನ್ನ ಕಾಲ ಕಡೆ ಕಂಬಳಿ ಹಿಡದು ಎತ್ತಿದರು. ಖಾನಾಪುರ ದಾಟಿ ಬೆಳಗಾವಿ ಮುಟ್ಟೂತನಕ ನನಗ ಉರ್ದುದಾಗ ಬೈಕೋತನ ಬಂದರು. ಅಷ್ಟು ಇಂಪಾದ ಬೈಗಳ ನಾ ಜನ್ಮದಾಗ ಕೇಳಿಲ್ಲ.

ನಗು ಬಂತೇನು? ನನಗ ಬರವಲ್ದು. ಹಿಂಡಾಕ ಕುಂತಾಗ ಎಮ್ಮಿ ಕಿವ್ಯಾಗಿನ ಬಿಲ್ಲಿ ಕಂಡರ ಹೊಟ್ಟಿ ಉರೀತೈತಿ. ಅದರ ಜೀವಕ್ಕ ಬ್ಯಾಂಕ್ ಐತಿ, ವಿಮಾ ಐತಿ, ತಾಲೂಕ ಕಚೇರಿ ಐತಿ. ನಿನ್ನ ಜೀವಕ್ಕ ಇದ್ದದ್ದು ಒಬ್ಬ ಸುಳ್ಳಬುರುಕ ತಮ್ಮ.

ಅಳಿಯ ಸಾಹೇಬರಿಗೆ ಒಂದು ಮುತ್ತು.

ಇಂತಿ,
ಬುರಾನುದ್ದೀನ ಸಾಹೇಬರ ಐದು ಬೆರಳನ್ನ ಇನ್ನೂ ಗಲ್ಲದ ಮೇಲೆ ಧರಿಸಿರುವ ನಿನ್ನ ತಮ್ಮ
ಮಾಯಪ್ಪ

ತಾ.ಕ.: ಇದನ್ನ ಮಡಚೂದ್ರಾಗ ಸಾಹೇಬರ ಡ್ರೈವರ್ ನಡಕೊಂಡು ಬಂದ. ಜೀಪಿನಾಗ ಮನುಷ್ಯಾರನ್ನ ಹತ್ತಿಸಿದ್ದಕ್ಕ ಸಾಹೇಬರಿಗೆ ನೋಟೀಸಂತ. ದೂರು ಕೊಟ್ಟವರು ಚಹಾ ಕುಡಿಯೂ ಡಾಕ್ಟರು. ಇನ್ನ ಮ್ಯಾಲೆ ಗೌಳಿವಾಡಾದಿಂದ ಕರೆ ಬಂದರ ಮೊದಲ ಆಫೀಸಿನ ಒಬ್ಬ ಸಿಪಾಯಿ ಬಂದು, ಎಮ್ಮೀನೇ ಹೌದು ಅಂತ ನೋಡಿ ಹೋಗಬೇಕು, ಆ ಮ್ಯಾಲೆ ಜೀಪು. ಅಕ್ಕಾ, ನಿನ್ನ ಗೆಳತಿ ಸಂಗವ್ವಗ ಮುಂಜಾನಿಂದ ಬ್ಯಾನಿ ಹತ್ಯಾವ. ನೀರು ಹೋಗೇತಿ, ಕೂಸು ಇಳೀವಲ್ದು. ಇನ್ನೊಂದು ಸುಳ್ಳ ಹೇಳೋ ಮಾಯಾ ಅಂತ ಎಲ್ಲಾರೂ ನನ್ನ ಮುಖ ನೋಡಾಕತ್ತಾರ. ಹೊಳೀವಲ್ದು. ಕಂಬಳಿ ಜೋಳಿಗಿ ಕಟ್ಟೇವಿ, ಹೊತಗೊಂಡ ನಂದಗಡದ ಕಡೆ ಹೊಂಟೇವಿ. ಕಾಗದ ನಂದಗಡದ ಡಬ್ಬಿಗೆ ಹಾಕತೀನಿ, ಅಲ್ಲೀತನಕ ಮುಟ್ಟಿದರ.