ಅಮ್ಮನವರ ನೇಯ್ಗೆ

ಅಮ್ಮನವರೇ,

ನೀವು ತೀರಿಕೊಂಡ ಮೇಲೆ ಯಜಮಾನರು ನೇಯಲು ಕೂತೇ ಇಲ್ಲ. ಮಗ್ಗದಲ್ಲಿ ರೇಷ್ಮೆ ಸೀರೆ ಅರ್ಧಕ್ಕೇ ನಿಂತಿತ್ತು. ಇವತ್ತು ಕಸ ಗುಡಿಸಲು ಹೋದವಳು ತಡೆಯಲಾಗದೆ ಮಗ್ಗಕ್ಕೆ ಕೂತೇಬಿಟ್ಟೆ. ಲಾಳಿಯ ಸದ್ದು ಕೇಳಿ ಯಜಮಾನರು ಒಳಗೆ ಬಂದರು.

“ಹುಚ್ಚಕ್ಕ, ನಿಂಗೆ ನೇಯೋದು ಯಾರು ಕಲಿಸಿದ್ರು?”

“ಅಮ್ಮಾರು. ನೀವು ದುರ್ಗಕ್ಕೆ ಸೀರೆ ಮಾರಾಕೆ ಹೋದಾಗೆಲ್ಲ ಇಬ್ರೂ ಇಲ್ಲೇ ಕುಂತ್ಕಂತಿದ್ವಿ.”

“ಅವ್ಳಿಗೆ ನೇಯಾಕೆ ಬರ್ತಿತ್ತಾ?”

“ನಿಮ್ಮಷ್ಟೇ ಚೆನ್ನಾಗಿ ಬರ್ತಿತ್ರಿ.”

ಈ ಮನೆಯಲ್ಲಿ ಹೆಂಗಸರು ಮಗ್ಗ ಮುಟ್ಟುವಂತಿರಲಿಲ್ಲ. ಯಾರಿಗೂ ಹೇಳಬೇಡ ಎಂದು ನೀವು ಆಣೆ ಹಾಕಿಸಿಕೊಂಡಿದ್ದಿರಿ. ಆದರೂ ಹೇಳಿಬಿಟ್ಟೆ, ಬೈಯಬೇಡಿ.

“ಅವ್ಳು ನೇಯ್ದಿದ್ದು ಎಲ್ಲೈತೆ?” ಎಂದು ಕೇಳಿದರು.

“ನೀವು ಬರೋದ್ರೊಳಗೆ ಬಿಚ್ಚಿಬಿಡ್ತಿದ್ವಿರಿ.”

ಯಜಮಾನರು ನೆಲದ ಮೇಲೆ ಕೂತರು. ಆಮೇಲೆ ಮೆಲ್ಲಗೆ, “ಹೆಂಗೆ ನೇಯ್ತಿದ್ಲು, ಒಂದೀಟು ತೋರ್ಸವ್ವ” ಎಂದರು.

ನಿಮ್ಮ ಹಾಗೇ ತಲೆಯನ್ನು ಎಡಕ್ಕೆ ವಾಲಿಸಿ, ತುಟಿ ಕಚ್ಚಿಕೊಂಡು ನೇಯ್ದೆ. ಅವರು ಕಣ್ಣು ಕೀಳದೆ ನೋಡುತ್ತಲೇ ಇದ್ದರು. ಮದುವೆಯಾದ ಹೊಸದರಲ್ಲಿ ನಿಮ್ಮನ್ನು ಹಾಗೆಯೇ ನೋಡುತ್ತಿದ್ದರೇನೋ, ಅಮ್ಮಾ.

ನಿಮ್ಮ
ಹುಚ್ಚಕ್ಕ