ಎಡಗೈಯಲ್ಲಿ ಬಡಿಸುವ ಸೊಸೆ

ಮೂಡಿಗೆರೆ
೯-೬-೧೯೯೯, ಬುಧವಾರ

ಪ್ರೀತಿಯ ನಮ್ಮ ಮನೆಯವರಿಗೆ, ಅಂದರೆ ಮೂಡಿಗೆರೆಯ ಟಿವಿ ಡಾಕ್ಟರ್, ಹಾಲಿ ವಾಸ ದಮ್ಮಾಮ್, ಜನಾಬ್ ಹಬೀಬುರ್ರಹ್ಮಾನ್ ಸಾಹೇಬರಿಗೆ ಅಖ್ತರ್ ಬಾನು ಮಾಡುವ ಸಲಾಂ.

ಲೋಕಕ್ಕೆಲ್ಲ ಗೊತ್ತಾಗಬೇಕಾದ ಒಂದು ಮಹಾ ಸಂಶೋಧನೆಯನ್ನು ಈ ಪತ್ರದ ಮೂಲಕ ಪ್ರಕಟಿಸಲಿದ್ದೇನೆ. ಆದರೆ ಹೆಂಡತಿಯ ಪತ್ರ ಅಂದ ಮೇಲೆ ಮೊದಲು ಆರೋಗ್ಯ, ಆಮೇಲೆ ಸಂಶೋಧನೆ. ನಿಮ್ಮ ಸೊಂಟ ಹೇಗಿದೆ? ಹೋದ ಪತ್ರದಲ್ಲಿ ಸೊಂಟದ ಬಗ್ಗೆ ಒಂದು ಸಾಲು ಬರೆದು ಹೊಡೆದುಹಾಕಿದ್ದೀರಿ. ಹೊಡೆದುಹಾಕಿದ್ದನ್ನೇ ನಾನು ಮೊದಲು ಓದುವುದು ಅಂತ ಮದುವೆಯಾಗಿ ಹದಿನೇಳು ವರ್ಷವಾದರೂ ನಿಮಗೆ ತಿಳಿಯಲಿಲ್ಲ. ಕೂಲರಿನ ಎದುರಿಗೆ ಬರೀ ನೆಲದ ಮೇಲೆ ಮಲಗಬೇಡಿ. ನಾನು ಚೆನ್ನಾಗಿದ್ದೇನೆ. ಮಳೆ ಹಿಡಿದು ನಾಲ್ಕು ದಿನವಾಯಿತು, ನಿಮ್ಮ ಹಳೇ ಸ್ವೆಟರ್ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ತೋಳು ಉದ್ದ, ಮಡಚಿದ್ದೇನೆ.

ಇನ್ನು ಘೋಷಣೆ. ಕನ್ನಡ ಧಾರಾವಾಹಿಗಳಲ್ಲಿ ಬರುವ ಸಮಸ್ತ ಜನರೂ ಎಡಚರು! ಅತ್ತೆ, ಸೊಸೆ, ವಕೀಲ, ವಿಲನ್, ಒಬ್ಬರೂ ಬಾಕಿಯಿಲ್ಲ. ಪೊಲೀಸಿನವನು ಎಡಗೈಯಲ್ಲಿ ಸಲ್ಯೂಟ್ ಹೊಡೆಯುತ್ತಾನೆ. ಹೆಂಗಸರ ಸೆರಗೆಲ್ಲ ಬಲ ಹೆಗಲ ಮೇಲೆ. ವಿಶ್ವಕಪ್ಪಿನಲ್ಲೂ ಅದೇ ಕಥೆ, ಬಲಗೈಯಲ್ಲಿ ಬ್ಯಾಟ್ ಮಾಡುವವರು ಒಬ್ಬಿಬ್ಬರು ಮಾತ್ರ, ಅವರನ್ನೇ ಪೇಪರಿನವರು ಎಡಚರು ಅಂತ ಬರೆಯುತ್ತಾರೆ. ಹೆಸರುಗಳೂ ಬಲದಿಂದ ಎಡಕ್ಕೆ ಬರುತ್ತವೆ. ನಮಗೇನು ಕಷ್ಟ, ಬಲದಿಂದ ಎಡಕ್ಕೆ ಓದುವುದನ್ನು ಮದ್ರಸಾದಲ್ಲೇ ಕಲಿಸಿದ್ದಾರೆ. ಕನ್ನಡಕ್ಕೂ ಅದು ಉಪಯೋಗಕ್ಕೆ ಬರುತ್ತದೆ ಅಂತ ಉಸ್ತಾದರಿಗೂ ಗೊತ್ತಿರಲಿಕ್ಕಿಲ್ಲ.

ಇಷ್ಟು ಓದುವಷ್ಟರಲ್ಲಿ ನಿಮ್ಮ ಹುಬ್ಬು ಹಣೆಗೆ ಏರಿರುತ್ತದೆ. ಟಿವಿಯನ್ನು ಕನ್ನಡಿಯಲ್ಲಿ ನೋಡುವವರು ಯಾರು? ಸೆಟ್ಟಿನ ಬೆನ್ನು ಬಿಚ್ಚಿ, ಹಿಂದೆ ಕೂತು, ಪರದೆಯ ಎದುರಿಗೆ ಕನ್ನಡಿ ನಿಲ್ಲಿಸಿಕೊಂಡು ರಿಪೇರಿ ಮಾಡುವವರು ಮಾತ್ರ. ಹೌದು ರೀ. ನಾನೇ. ಎಂಟು ತಿಂಗಳಿಂದ. ಪಕ್ಕದ ಕಟಿಂಗ್ ಅಂಗಡಿಯವರು ಮೂಲೆ ಒಡೆದ ಕನ್ನಡಿ ಎಸೆಯುವವರಿದ್ದರು, ಕೇಳಿ ತಂದೆ. ಇಷ್ಟು ದಿನ "ಅಂಗಡಿ ಮುಚ್ಚಿದೆ, ಆಗಾಗ ಹೋಗಿ ಗುಡಿಸಿ ಬರುತ್ತೇನೆ" ಅಂತ ನಿಮಗೆ ಬರೆಯುತ್ತಿದ್ದೆನಲ್ಲ, ಅದರಲ್ಲಿ ಗುಡಿಸಿದ್ದು ಪೂರ್ತಿ ನಿಜ.

ಮುಚ್ಚಿಟ್ಟದ್ದು ಈಗೇಕೆ ಬಾಯಿಗೆ ಬಂತು ಅಂದರೆ, ನಿಮ್ಮ ಹೋದ ಪತ್ರದಿಂದ. ಇನ್ನೆರಡು ವರ್ಷಕ್ಕೆ ಸಹಿ ಹಾಕು ಅಂತ ಅಲ್ಲಿನವರು ಕೇಳುತ್ತಿದ್ದಾರೆ, ಮುಚ್ಚಿದ ಅಂಗಡಿಗೆ ಯಾಕೆ ಬಾಡಿಗೆ, ಜುಲೈ ಒಂದನೇ ತಾರೀಕು ಆಲ್ದೂರಿನ ಭಾಯಿ ಪಿಕಪ್ ತಂದು ಸಾಮಾನೆಲ್ಲ ಒಯ್ಯುತ್ತಾರೆ, ಚಿಕ್ಕಮಗಳೂರಿನಲ್ಲಿ ಗಿರಾಕಿ ಗೊತ್ತು ಮಾಡಿದ್ದಾರೆ, ಮಕ್ಕಳಿಲ್ಲದ ಮನೆಯಲ್ಲಿ ನೀನೊಬ್ಬಳೇ ಇರುವುದಕ್ಕಿಂತ ಅವರ ಮನೆಯ ಮೇಲಿನ ಕೋಣೆಯಲ್ಲಿ ಇರು ಅಂತ ಬರೆದಿದ್ದೀರಿ. ನಿಮ್ಮ ಅಣ್ಣ ದೇವರಂಥ ಮನುಷ್ಯ, ಕೋಣೆಗೆ ಸುಣ್ಣ ಕೂಡ ಹೊಡೆಸಿದ್ದಾರಂತೆ. ಅದನ್ನು ಕೇಳಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ.

ಶುರುವಾದದ್ದು ಗಿರಿಜಾಂಬಾ ಅವರಿಂದ. ನಿಮಗೆ ಗೊತ್ತಲ್ಲ, ಹ್ಯಾಂಡ್‌ಪೋಸ್ಟಿನಾಚೆ ನಾಲ್ಕು ಎಕರೆ ಕಾಫಿ, ನಲವತ್ತು ಎಕರೆ ಬಾಯಿ. ಅಕ್ಟೋಬರಿನಲ್ಲಿ ಜೀಪಿನಲ್ಲಿ ಸೆಟ್ ಹೇರಿಕೊಂಡು ಬಂದರು. ಪರದೆಯ ನಡುವೆ ಒಂದೇ ಒಂದು ಬಿಳೀ ಅಡ್ಡಗೆರೆ, ಬೇರೇನೂ ಇಲ್ಲ. ಸಾಹೇಬರು ಊರಲ್ಲಿಲ್ಲ, ಚಿಕ್ಕಮಗಳೂರಿಗೆ ಒಯ್ಯಿರಿ ಅಂದೆ. "ಹದಿನೈದು ವರ್ಷ ಅವನ ಸೆಟ್ಟಿನ ಮುಂದೆ ಕೂತು ಏನು ಮಾಡ್ತಿದ್ದೆ ಬಾನು, ಕಡಲೆಕಾಯಿ ತಿಂತಿದ್ದೆಯಾ? ಬಿಚ್ಚು ಮಾರಾಯ್ತಿ!" ಅಂದುಬಿಟ್ಟರು. ಕಡಲೆಕಾಯಿ ತಿಂದದ್ದೂ ನಿಜವೇ. ಆದರೆ ನೀವು ಹಿಂದೆ, ನಾನು ಮುಂದೆ, ನೀವು "ಈಗ ಹೇಗಿದೆ?" ಅನ್ನುವುದು, ನಾನು "ಗೆರೆ ಬಂತು, ಮುಖ ಉದ್ದ ಆಯ್ತು, ಹಾಂ ಹಾಂ ಅಲ್ಲೇ ನಿಲ್ಲಿಸಿ" ಅನ್ನುವುದು, ಆಮೇಲೆ ಎಲ್ಲಿ ಏನು ಹೋಗಿತ್ತು ಅಂತ ಊಟದ ಹೊತ್ತಿನಲ್ಲಿ ನೀವು ಪಾಠ ಹೇಳುವುದು. ಅಡ್ಡಗೆರೆ ಅಂದರೆ ಬೆಸುಗೆ ಬಿಟ್ಟಿರುತ್ತದೆ ಅಂತ ನೀವು ಹೇಳಿದ್ದು ನೂರು ಸಲವಾದರೂ ಇದ್ದೀತು. ಹುಡುಕಿದೆ, ಬಿಟ್ಟಿತ್ತು, ಹಾಕಿದೆ. ಗೆರೆ ಅಗಲವಾಗಿ ಅದರೊಳಗಿಂದ ಒಬ್ಬ ಅತ್ತೆ ಎದ್ದು ಬಂದಳು. ಗಿರಿಜಾಂಬಾ ಸೋಫಾ ಇಲ್ಲದ ನಮ್ಮ ಅಂಗಡಿಯಲ್ಲಿ ನಿಂತೇ ಒಂದು ಕಂತು ಮುಗಿಸಿ ಹೋದರು. ಮರುವಾರ ಅವರು ಊರೆಲ್ಲ ಸಾರಿದರು. ಆಮೇಲೆ ಏಪ್ರಿಲ್ ಸಿಡಿಲಿಗೆ ಸುಟ್ಟ ಸೆಟ್ಟುಗಳು, ಅದರ ಹಿಂದೆ ವಿಶ್ವಕಪ್ಪಿನ ಅವಸರದವು. ಈಗ ಅಂಗಡಿಯ ಬಾಡಿಗೆಯನ್ನು ಅಂಗಡಿಯೇ ಕೊಡುತ್ತಿದೆ.

ಹೆದರಬೇಡಿ. ಆಫ್ ಮಾಡಿದ ಮೇಲೂ ಪಿಕ್ಚರ್ ಟ್ಯೂಬು ಹೊಡೆಯುತ್ತದೆ ಅನ್ನುವುದು ನೆನಪಿದೆ. ಶಾಕ್ ಎದೆಗೆ ಹಾಯದಿರಲಿ ಅಂತ ನೀವು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ ಎಡಗೈಯನ್ನು ನಾನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತೇನೆ. ದೊಡ್ಡ ಮನುಷ್ಯರು ಕಾಫಿ ತೋಟ ನೋಡಲು ಹೊರಟ ಹಾಗೆ ಕಾಣುತ್ತೇನಂತೆ. ರಿಪೇರಿಯಾದ ಸೆಟ್ಟನ್ನು ಅರ್ಧ ಗಂಟೆ ಓಡಿಸಿ ನೋಡದೆ ಕೊಡಬಾರದು ಅನ್ನುವ ನಿಮ್ಮ ಕಾನೂನನ್ನೂ ಮುರಿದಿಲ್ಲ. ಒಂದು ಸೆಟ್ಟಿಗೆ ಒಂದು ಕಂತು. ಹೀಗಾಗಿ ನಾನೀಗ ಮೂವತ್ತು ಧಾರಾವಾಹಿಗಳ ಒಂದೊಂದೇ ಕಂತು ಬಲ್ಲ ಮಹಾ ಪಂಡಿತೆ. ಯಾರು ಯಾರಿಗೆ ಮೋಸ ಮಾಡಿದರು ಗೊತ್ತು, ಯಾಕೆ ಅನ್ನುವುದು ಒಂದೂ ಗೊತ್ತಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಧಾರಾವಾಹಿಯವರು ಬಾಗಿಲು ತೆಗೆಯುವುದಕ್ಕೆ ಬಹಳ ಹೊತ್ತು ತೆಗೆದುಕೊಳ್ಳುತ್ತಾರೆ. ಬೆಲ್ ಆಗುತ್ತದೆ, ಮನೆಯಲ್ಲಿರುವ ಒಬ್ಬೊಬ್ಬರ ಮುಖವನ್ನೂ ಮೂರು ಮೂರು ಸಲ ತೋರಿಸುತ್ತಾರೆ, ಬಾಗಿಲು ಅರ್ಧ ತೆರೆಯುತ್ತದೆ, ಕಂತು ಮುಗಿಯುತ್ತದೆ. ಬಂದವರು ಯಾರು ಅಂತ ತಿಳಿಯುವ ಮೊದಲೇ ಸೆಟ್ಟಿನ ಯಜಮಾನರು ಬಂದು ಸೆಟ್ ಎತ್ತಿಕೊಂಡು ಹೋಗುತ್ತಾರೆ. ನಾನು ಬೆಂಚಿನ ಮೇಲಿನ ಧೂಳು ಒರೆಸುತ್ತೇನೆ.

ಅದಕ್ಕೇ ನನಗೆ ದೂರದರ್ಶನದ ಕಿರುಚಿತ್ರಗಳೇ ಇಷ್ಟ. ಹತ್ತು ನಿಮಿಷ, ಹುಟ್ಟು ಸಾವು ಎರಡೂ ಕಣ್ಣೆದುರಿಗೇ. ಜೇನು ಸಾಕಣೆಯ ಚಿತ್ರವಂತೂ ಬಹಳ ಚೆಂದ, ಆ ಹುಳುಗಳು ಒಂದು ಮಾತೂ ಆಡದೆ ನಟಿಸುತ್ತವೆ. ಇನ್ನೊಂದರಲ್ಲಿ ಒಬ್ಬ ಅಂಚೆಯವನು ಒಂದೇ ಒಂದು ಕಾಗದ ಹಿಡಿದು ಗುಡ್ಡ ಹತ್ತುತ್ತಾನೆ, ಹೊಳೆ ದಾಟುತ್ತಾನೆ, ಕಾಗದ ಕೊಟ್ಟು ತಿರುಗಿ ಹೊರಡುತ್ತಾನೆ, ಚಿತ್ರ ಮುಗಿಯಿತು! ಕಾಗದ ಓದಿದವರ ಮುಖ ತೋರಿಸುವ ಗೊಡವೆಗೇ ಹೋಗಲಿಲ್ಲ. ನಾನು ಹಿಂದಿನಿಂದ "ಏ, ಮುಖ ತೋರಿಸ್ರೋ" ಅಂತ ಜೋರಾಗಿಯೇ ಕೂಗಿದೆ. ಅಂಗಡಿಯಲ್ಲಿ ನಾನು ಬಿಟ್ಟರೆ ಯಾರೂ ಇರಲಿಲ್ಲ. ಇದೊಂದು ಕೆಟ್ಟ ಚಾಳಿ ಹತ್ತಿದೆ. ಸ್ಕ್ರೂ ತಿರುಗಿಸುತ್ತಾ ತಿರುಗಿಸುತ್ತಾ ನಿಮ್ಮ ಹಾಗೇ "ಈಗ ಹೇಗಿದೆ?" ಅಂತ ಕೇಳಿಬಿಡುತ್ತೇನೆ. ಕೇಳಿದ ಮೇಲೆ ಒಂದು ಗಳಿಗೆ ಕಾಯುತ್ತೇನೆ ಕೂಡ. ಆಮೇಲೆ ಎದ್ದು ಸುತ್ತಿ ಬಂದು ನಾನೇ ಮುಂದೆ ನಿಂತು "ಪರವಾಗಿಲ್ಲ" ಅನ್ನುತ್ತೇನೆ. ಮತ್ತೆ ಹಿಂದೆ ಹೋಗಿ ಕೂರುತ್ತೇನೆ.

ಹಾಗೆ ಎದ್ದು ಬರಲು ಸೋಮಾರಿತನ ಮಾಡಿದ ಒಂದು ದಿನ ಏನಾಯಿತು ಕೇಳಿ. ಎಸ್ಟೇಟಿನ ಕೂಲಿ ಲೈನಿನ ತಿಮ್ಮಮ್ಮನ ಸೆಟ್. ಅವತ್ತು ಜ್ವರ ಬಂದ ಹಾಗಿತ್ತು. ಟ್ಯೂಬಿನ ಕುತ್ತಿಗೆಯ ಕಾಯಿಲ್ ಬಿಚ್ಚಿ ಮತ್ತೆ ಬೆಸೆದೆ. ಸ್ವಿಚ್ ಹಾಕಿ ಕನ್ನಡಿ ನೋಡಿದರೆ, ಆಹಾ! ಅಕ್ಷರಗಳೆಲ್ಲ ಎಡದಿಂದ ಬಲಕ್ಕೆ, ಸೆರಗು ಎಡ ಹೆಗಲಿಗೆ, ಪೊಲೀಸಿನವನು ಬಲಗೈಯವನು. ಎಂಟು ತಿಂಗಳಲ್ಲಿ ಮೊದಲ ಸಲ ಲೋಕ ಸರಿಯಾಗಿ ಕಂಡಿತು. ಖುಷಿಯಲ್ಲಿ ಯಾಕೆ ಅಂತ ಯೋಚಿಸಲೇ ಇಲ್ಲ, ಕೊಟ್ಟು ಕಳಿಸಿದೆ. ಎರಡು ವೈರ್ ಅದಲುಬದಲಾಗಿತ್ತು! ಕನ್ನಡಿಯಲ್ಲಿ ಸರಿ ಕಂಡರೆ ಪರದೆಯಲ್ಲಿ ತಿರುಗುಮುರುಗು. ತಿಮ್ಮಮ್ಮನಿಗೆ ಓದಲು ಬರುವುದಿಲ್ಲವಾದ್ದರಿಂದ ಹದಿನೈದು ದಿನ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಒಂದು ಭಾನುವಾರ ಸೆಟ್ಟಿಗೆ ಮಳೆ ತಾಗದ ಹಾಗೆ ತನ್ನ ಗೊರಬು ಮುಚ್ಚಿಕೊಂಡು ತಂದಳು. "ನಿನ್ನ ರಿಪೇರಿ ಬಗ್ಗೆ ಮಾತಿಲ್ಲ ಬಾನಮ್ಮ. ಆದ್ರೆ ಆ ಸೊಸೆ ಎಂಥ ಮರ್ಯಾದಸ್ಥೆ ಆಗಿದ್ಲು! ಈಗ ಮಾವಂಗೆ ಎಡಗೈಲಿ ಬಡಿಸ್ತಾಳೆ. ಆ ಮಾವನೂ ಅಷ್ಟೇ, ಎಡಗೈಲೇ ಉಣ್ತಾನೆ. ಇಂಥೋರ ಮನೇನ ದಿನಾ ಸಂಜೆ ಹೆಂಗೆ ನೋಡೋದು? ಮೊದ್ಲಿನಂಗೆ ಒಳ್ಳೇರಾಗಿ ಮಾಡಿಕೊಡು." ನಾನು ಎರಡು ವೈರ್ ಬದಲಿಸಿ ಆ ಮನೆತನವನ್ನು ಉದ್ಧಾರ ಮಾಡಿದೆ. ತಿಮ್ಮಮ್ಮ ಹೋದ ಮೇಲೆ ಒಬ್ಬಳೇ ಕೂತು ನಕ್ಕೆ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಇದನ್ನು ಹೇಳಬೇಕಾದ ಮನುಷ್ಯ ಸಮುದ್ರದಾಚೆ ಇದ್ದಾನೆ ಅಂತ ಆಗ ನೆನಪಾಯಿತು. ಆ ನೀರು ಬೇಗ ನಿಲ್ಲಲಿಲ್ಲ.

ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳುತ್ತೀರಿ. ಅಂಗಡಿ ನಾನು ನಡೆಸುತ್ತೇನೆ ಅಂದರೆ ನೀವು ನಿಶ್ಚಿಂತೆಯಾಗಿ ಅಲ್ಲಿ ಇನ್ನೆರಡು ವರ್ಷಕ್ಕೆ ಸಹಿ ಹಾಕಿಬಿಟ್ಟೀರಿ ಅನ್ನುವ ಭಯ. ಹೇಳದಿದ್ದರೆ ಅಂಗಡಿ ಹೋಗುತ್ತದೆ, ಹೇಳಿದರೆ ನೀವು ಬರದೇ ಹೋಗುತ್ತೀರಿ. ತಿಂಗಳುಗಟ್ಟಲೆ ತೂಗಿದೆ. ಸಹಿ ಹಾಕುವುದು ಬಿಡುವುದು ನಿಮ್ಮ ಮನಸ್ಸು, ಬನ್ನಿ ಅಂತ ನಾನು ಬರೆಯುವುದಿಲ್ಲ, ಬರೆದು ಹೊಡೆದುಹಾಕಿದ ಸಾಲು ಮೇಲೆಲ್ಲಾದರೂ ಕಂಡರೆ ಓದಬೇಡಿ. ಆದರೆ ಸುಣ್ಣ ಹೊಡೆದ ಕೋಣೆಯಲ್ಲಿ ಕಿಟಕಿ ನೋಡುತ್ತಾ ಕೂರುವವಳು ನಾನಲ್ಲ. ಹದಿನೈದು ವರ್ಷ ನಾನು ಮುಂದೆ ಕೂತು ಚಿತ್ರ ಸರಿಯಿದೆ ಅಂದಾಗ ನೀವು ಒಂದು ದಿನವೂ ಇಣುಕಿ ನೋಡಲಿಲ್ಲ, ನನ್ನ ಮಾತಿನ ಮೇಲೆ ಬೆನ್ನು ಮುಚ್ಚಿ ಸ್ಕ್ರೂ ಹಾಕಿದಿರಿ. ಈಗಲೂ ಹಾಗೇ ಹೇಳುತ್ತಿದ್ದೇನೆ. ಅಂಗಡಿ ಸರಿಯಿದೆ.

ಗಿರಿಜಾಂಬಾ ಅವರು ನಿಮಗೆ ಆಶೀರ್ವಾದ ಹೇಳಿದ್ದಾರೆ, "ಅವನಿಗಿಂತ ಇವಳೇ ವಾಸಿ" ಅಂತಲೂ ಹೇಳಿದ್ದಾರೆ. ಅಲ್ಲಾಹನು ನಿಮ್ಮನ್ನೂ ನಿಮ್ಮ ಸೊಂಟವನ್ನೂ ಕಾಪಾಡಲಿ.

ಇತಿ ನಿಮ್ಮ
ಅಖ್ತರ್ ಬಾನು

ತಾ.ಕ.: ಅಂಚೆ ಡಬ್ಬಿಯ ಹತ್ತಿರ ನಿಂತು ಬರೆಯುತ್ತಿದ್ದೇನೆ, ಅಕ್ಷರ ವಕ್ರ, ಕ್ಷಮಿಸಿ. ಭಾಯಿಯವರ ಎದುರು ನಾನು ಬೇಡ ಅಂದರೆ ಸಂಕೋಚಕ್ಕೆ ಅಂತಾರೆ, ನೀವು ಅಂದರೆ ಒಂದೇ ಮಾತಿಗೆ ಮುಗಿಯುತ್ತದೆ. ಈ ಪತ್ರ ಸಿಕ್ಕ ಮೊದಲ ಭಾನುವಾರ ಬೆಳಿಗ್ಗೆ ಹತ್ತರೊಳಗೆ ಅವರ ಅಂಗಡಿಗೆ ಒಂದು ಫೋನ್ ಮಾಡಿ, ಪಿಕಪ್ ತರುವುದು ಬೇಡ ಅಂತ ಹೇಳಿಬಿಡಿ. ಹತ್ತರ ಮೇಲೆ ಅವರು ಸಂತೆಗೆ ಹೋಗಿರುತ್ತಾರೆ.